ಮುಯ್ಯಾಳಿನ ವರ್ಷ

ಕೌಂಟರಿನ ಆಚೆ ಕೂತಿದ್ದ ಹೆಣ್ಣುಮಗಳು ಕೆಟ್ಟವಳಲ್ಲ. ಮಹಾನಂದಾ ಚಾಚಿದ ಅಂಕಪಟ್ಟಿಯ ಜೆರಾಕ್ಸನ್ನು ತಿರುವಿ ಮುರುವಿ ನೋಡಿದಳು, ಕನ್ನಡಕ ಮೇಲೇರಿಸಿಕೊಂಡಳು, ಹಿಂದೆ ಸಾಲಿನಲ್ಲಿದ್ದವರಿಗೆ ಕೇಳಿಸದಂತೆ ದನಿ ತಗ್ಗಿಸಿದಳು.

"ಬಿ.ಎ. ಒಂದನೇ ವರ್ಷ ಮುಗಿಸಿ ಬಂದು, ಐದು ವರ್ಷದ ಕಾನೂನು ಕೋರ್ಸಿನ ಎರಡನೇ ವರ್ಷಕ್ಕ ಸೇರಾಕ ಬರಂಗಿಲ್ಲವಾ. ನಡುವ ಕೈ ಮಾಡಿ ಹತ್ತೂ ಬಸ್ಸಲ್ಲ ಇದು. ನಮ್ಮಲ್ಲಷ್ಟ ಅಲ್ಲ, ಇಡೀ ದೇಶದಾಗ ನಡಿಯಂಗಿಲ್ಲ. ವಕೀಲರ ಪರಿಷತ್ತಿನ ನಿಯಮಾನ ಹಂಗೈತಿ. ನಿನಗ ಆಗತೈತಿ ಅಂತ ಹೇಳಿದವರು ಯಾರು?"

ಹೇಳಿದವನ ಹೆಸರು ನಾಲಗೆಯ ತುದಿಯಲ್ಲೇ ಇತ್ತು.  ಮಹಾನಂದಾ ಜೆರಾಕ್ಸನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಹುಬ್ಬಳ್ಳಿಯ ಆ ಕಾನೂನು ಕಾಲೇಜಿನ ಮೆಟ್ಟಿಲಿಳಿದಳು. ಎದುರಿಗೆ ಕರಿ ಕೋಟು ತೋಳಿಗೆ ಹಾಕಿಕೊಂಡ ಹುಡುಗಿಯರು ನಗುತ್ತ ಏರಿಬರುತ್ತಿದ್ದರು. ಅವರಿಗೆ ದಾರಿ ಬಿಟ್ಟು ಗೋಡೆಗೆ ಒರಗಿ ನಿಂತಳು.

ಹೋದದ್ದು ಒಂದು ವರ್ಷ. ಅದು ತನ್ನ ಸ್ವಂತದ ವರ್ಷವಾಗಿದ್ದರೆ ಬಸ್‌ಸ್ಟ್ಯಾಂಡಿನಲ್ಲಿ ಕೂತು ಒಂದಿಷ್ಟು ಅತ್ತು ಹಗುರಾಗಬಹುದಿತ್ತು. ಆದರೆ ಅದು ತಿರ್ಲಾಪುರದ ಹೆಂಗಸರ ವರ್ಷವಾಗಿತ್ತು.

ತಿರ್ಲಾಪುರದ್ದು ಎರೆಭೂಮಿ. ಮುಂಗಾರಿಗೆ ಹೆಸರು, ಹತ್ತಿ; ಹಿಂಗಾರಿಗೆ ಕಡಲೆ. ಸಣ್ಣ ಹೊಲದವರು ಅಲ್ಲಿ ಕಸ ತೆಗೆಯಲು ಕೂಲಿ ಹಚ್ಚುವುದಿಲ್ಲ, ಮುಯ್ಯಾಳು ಮಾಡುತ್ತಾರೆ. ಇವತ್ತು ನಾನು ನಿನ್ನ ಹೊಲದಲ್ಲಿ ದುಡಿದರೆ ನಾಳೆ ನೀನು ನನ್ನ ಹೊಲಕ್ಕೆ ಬರಬೇಕು. ಬರೆದಿಡುವವರಿಲ್ಲ, ಸಾಕ್ಷಿಯಿಲ್ಲ, ಸಹಿಯಿಲ್ಲ. ಸರ್ಕಾರದ ಖಜಾನೆಯಲ್ಲಿ ಬಡವರ ಬೆವರು ಕಳೆದುಹೋಗುತ್ತದೆ, ವಿಮಾ ಕಂಪನಿಯ ಕಡತದಲ್ಲಿ ಕಳೆದುಹೋಗುತ್ತದೆ. ಮುಯ್ಯಾಳಿನಲ್ಲಿ ಮಾತ್ರ ಒಬ್ಬರ ಒಂದು ದಿನವೂ ಕಳೆದುಹೋದದ್ದಿಲ್ಲ. ಈ ಗುಂಪಿಗೆ ಹಿರಿಯಳು ರೇವವ್ವ. ಸಾಲಿನ ಮುಂದೆ ಕಸ ಕೀಳುವ ಕುರ್ಪಿ ಹಿಡಿದು ಕೂತಳೆಂದರೆ ಉಳಿದವರು ಅವಳ ಬೆನ್ನು ನೋಡಿಕೊಂಡೇ ಮುಂದೆ ಸರಿಯಬೇಕು.

ನೀರಿಗಾಗಿ ಊರೇ ರಸ್ತೆಗಿಳಿದ ಕಾಲದಲ್ಲಿ ಈ ಹೆಂಗಸರ ಮೇಲೂ ಕೇಸಾದವು. ಮಹಾನಂದಾಳ ಅವ್ವ ಗುರವ್ವನ ಮೇಲೂ ಆಯಿತು. ನೀರು ಕೇಳಿದವಳಿಂದ ಶಾಂತಿ ಕೆಟ್ಟಿತೆಂದು ಆರೋಪ. ನೀರು ಕೊಡದವರಿಂದ ಏನೂ ಕೆಟ್ಟಿರಲಿಲ್ಲ. ತಾರೀಕಿಗೆ ತಾರೀಕಿಗೆ ಬುತ್ತಿ ಕಟ್ಟಿಕೊಂಡು ಹೋಗಿ ಕೋರ್ಟಿನ ಕಟ್ಟೆಯ ಮೇಲೆ ಕೂರುವುದು, ವಕೀಲರು ಹೊರಬಂದು ಮುಂದಿನ ತಾರೀಕು ಹೇಳಿದರೆ ಎದ್ದು ಬರುವುದು. ಒಳಗೆ ಏನು ನಡೆಯಿತೆಂದು ಯಾರೂ ಹೇಳುತ್ತಿರಲಿಲ್ಲ. ಅವ್ವನ ಸೆರಗು ಹಿಡಿದು ಹೋಗುತ್ತಿದ್ದ ಸಣ್ಣ ಮಹಾನಂದಾ ಒಂದು ಸಲ, ಒಳಗೆ ಮಾತಾಡುತ್ತಿರುವುದು ನಿನ್ನ ಬಗ್ಗೆಯಾದರೆ ನಿನ್ನನ್ನೇಕೆ ಹೊರಗೆ ಕೂರಿಸಿದ್ದಾರೆ ಎಂದು ಕೇಳಿದ್ದಳು.  ಬಾಜುದಲ್ಲಿ ರೊಟ್ಟಿ ಮುರಿಯುತ್ತಿದ್ದ ರೇವವ್ವ ತಲೆ ಎತ್ತದೆ ಹೇಳಿದ್ದಳು:

"ನೀ ಒಳಗ ಹೋಗಾಕ ಕಲಿ."

ಕೇಸು ಆಮೇಲೆ ಬಿದ್ದುಹೋಯಿತು. ಆ ಮಾತು ಬೀಳಲಿಲ್ಲ.

ಮಹಾನಂದಾ ಪಿಯುಸಿ ಮುಗಿಸಿದ್ದು ಹೋದ ವರ್ಷ. ಐದು ವರ್ಷದ ಕಾನೂನಿಗೆ ಅರ್ಜಿ ಹಾಕುವ ದಿನ ಯಾವುದೆಂದು ಹೇಳುವವರಿಲ್ಲದೆ ದಿನ ದಾಟಿಹೋಯಿತು. ಆಗ ಬಂದವನು ಗೌರೀಶ. ನವಲಗುಂದದ ಬಸ್‌ಸ್ಟ್ಯಾಂಡಿನ ಎದುರಿಗೆ ಪ್ರವೇಶ ಮಾರ್ಗದರ್ಶನ ಕೇಂದ್ರವೆಂದು ಬೋರ್ಡು ಹಾಕಿಕೊಂಡಿದ್ದ ಅವನು, ದೂರದ ಜಿಲ್ಲೆಯ ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ಮಕ್ಕಳನ್ನು ತುಂಬಿ ಕಳಿಸುತ್ತಿದ್ದ. ರವಿವಾರ ಹಜರತಅಲಿ ಮಾಸ್ತರರ ಕಟ್ಟೆಯ ಮೇಲೆ ಓದುಬಳಗ ಸೇರಿದ್ದಾಗ ಸೀದಾ ಅಲ್ಲಿಗೇ ಬಂದ. ಮಾಸ್ತರರು ನಿವೃತ್ತರಾದ ಮೇಲೆ ಕಟ್ಟಿದ ಬಳಗ ಅದು. ಪೇಪರು ಓದುತ್ತಾರೆ, ಸಂವಿಧಾನ ಓದುತ್ತಾರೆ, ಮಂತ್ರಿಯ ಭಾಷಣದ ಒಂದೊಂದು ವಾಕ್ಯವನ್ನೂ ಹಿಂಜಿ ಹಿಂಜಿ ಅಡ್ಡಪ್ರಶ್ನೆ ಹಾಕುತ್ತಾರೆ. ಗೌರೀಶ ಚಹಾ ಕುಡಿದು ಕಪ್ಪು ಕೆಳಗಿಟ್ಟು ಹೇಳಿದ:

"ಈಗ ನಮ್ಮ ಯುನಿವರ್ಸಿಟಿಯೊಳಗ ಬಿ.ಎ. ಹಚ್ಚಲಿ. ಒಂದು ವರ್ಷ ಆದಮ್ಯಾಲ ಕ್ರೆಡಿಟ್ ಟ್ರಾನ್ಸ್‌ಫರ್, ಹುಬ್ಬಳ್ಳ್ಯಾಗ ಸೀದಾ ಲಾ ಎರಡನೇ ವರ್ಷ. ನಿಮ್ಮ ಮುಯ್ಯಾಳು ಇದ್ದಂಗ ನೋಡ್ರಿ. ಇಲ್ಲಿ ದುಡಿದದ್ದು ಅಲ್ಲಿ ಲೆಕ್ಕಕ್ಕ ಬರತೈತಿ."

ಅಂಥ ಬಳಗ ಅವತ್ತು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಮುಯ್ಯಾಳು ಎಂದ ಮೇಲೆ ಕೇಳುವುದೇನು? ಆ ಶಬ್ದ ಆಡಿದವನು ತಪ್ಪಿ ನಡೆಯಬಹುದೆಂಬುದು ಅವರ ಯೋಚನೆಯ ಆಚೆಗಿತ್ತು. ನಮ್ಮ ಜನರನ್ನು ದೋಚಲು ಇಂಗ್ಲಿಷು ಬೇಕಿಲ್ಲ, ಕೋಟು ಬೂಟು ಬೇಕಿಲ್ಲ. ನಾವು ಪ್ರಾಣ ಇಟ್ಟುಕೊಂಡ ಶಬ್ದವೊಂದನ್ನು ಕದ್ದು ತಂದು ನಮಗೇ ಮಾರಿದರೆ ಸಾಕು.

ಗುರವ್ವನ ಮನೆಯಿಂದ ಮುಯ್ಯಾಳಿಗೆ ಎರಡು ಜೋಡಿ ಕೈ ಹೋಗುತ್ತಿದ್ದವು. ಮಗಳು ಹಾಸ್ಟೆಲಿಗೆ ಹೋದರೆ ಒಂದೇ ಜೋಡಿ ಉಳಿಯುತ್ತದೆ, ಗುರವ್ವನ ಹೊಲಕ್ಕೆ ಬರುವ ಆಳೂ ಅರ್ಧಕ್ಕೆ ಇಳಿಯಬೇಕು. ರೇವವ್ವ ಒಪ್ಪಲಿಲ್ಲ. ನಂದಾಳ ಕೈ ನಾವು ಹಾಕುತ್ತೇವೆ, ಅವಳು ತನ್ನ ಮುಯ್ಯಿಯನ್ನು ವಕೀಲಳಾಗಿ ತೀರಿಸಲಿ ಎಂದು ಸಾಲಿನ ನಡುವೆ ನಿಂತು ಹೇಳಿಬಿಟ್ಟಳು. ಆ ವರ್ಷವೆಲ್ಲ ಒಬ್ಬೊಬ್ಬರು ಒಂದೊಂದು ದಿನ ಹೆಚ್ಚಿಗೆ ದುಡಿದು ಮಹಾನಂದಾಳ ಜಾಗ ತುಂಬಿದರು.

ಆ ದಿನಗಳೆಲ್ಲ ಈಗ ಎಲ್ಲಿಗೆ ಹೋದವು?

ಮರುದಿನ ಮುಂಜಾನೆ ಹೆಸರಿನ ಹೊಲದಲ್ಲಿ ಕೂತಾಗ, ಎರಡನೇ ವರ್ಷದ ಕೆಲಸ ಆಯಿತೇ ಎಂದು ಹೆಂಗಸರು ಕೇಳಿದರು. ಆಗುತ್ತದೆ ಎಂದಳು. ವಕೀಲಕಿ ಈಗಲೇ ತಾರೀಕು ಕೊಡಲು ಕಲಿತಿದ್ದಾಳೆಂದು ಯಾರೋ ಚೇಷ್ಟೆ ಮಾಡಿದರು, ಎಲ್ಲರೂ ನಕ್ಕರು. ಮಹಾನಂದಾಳೂ ನಕ್ಕಳು. ಸಂಜೆ ಅವ್ವ ಬಡಿಸಿದ ರೊಟ್ಟಿಯನ್ನು ಹಾಗೆಯೇ ಬಿಟ್ಟು ಎದ್ದಳು.

ಮೊದಲು ಹೇಳಿದ್ದು ಹಜರತಅಲಿ ಮಾಸ್ತರರಿಗೆ.  ಒಳಗಿನಿಂದ ಅವರ ಹೆಂಡತಿ ಜಮೀಲಾಬಿ ಚಹಾ ತಂದಿಟ್ಟು, ಮುಖ ನೋಡಿ, ಅಲ್ಲೇ ಕೂತಳು.

"ಮಂತ್ರಿಗಳಿಗೆ ಪ್ರಶ್ನೆ ಕೇಳೂ ಬಳಗ" ಎಂದರು ಮಾಸ್ತರರು. "ಇರ್ಲಿ. ಈಗರ ಕೇಳೂಣು. ನಿನ್ನ ಮುಂದ ಹಾದಿ ಎಷ್ಟದಾವ?"

ಇಬ್ಬರೂ ಫೋನಿನಲ್ಲಿ ನಿಯಮಗಳನ್ನು ಹುಡುಕಿ ತೆಗೆದು, ಕಟ್ಟೆಯ ಪದ್ಧತಿಯಂತೆ ಗಟ್ಟಿಯಾಗಿ ಓದಿದರು. ಓದಿದಂತೆಲ್ಲ ಮಂಜು ಸ್ವಲ್ಪ ಸ್ವಲ್ಪ ಸರಿಯಿತು. ಹುಬ್ಬಳ್ಳಿಯಲ್ಲಿ ಐದು ವರ್ಷದ ಕೋರ್ಸಿಗೆ ಮತ್ತೆ ಮೊದಲಿನಿಂದ ಸೇರಬಹುದು, ಅರ್ಜಿಗೆ ಇನ್ನೂ ದಿನವಿತ್ತು. ಆದರೆ ಕಳೆದ ವರ್ಷ ಕಸಕ್ಕೆ ಹೋಗುತ್ತದೆ. ಇಲ್ಲವಾದರೆ ಬಿ.ಎ.ಯನ್ನೇ ಮುಗಿಸಿ, ಆಮೇಲೆ ಮೂರು ವರ್ಷದ ಎಲ್‌ಎಲ್.ಬಿ. ಓದಬಹುದು. ಆ ಖಾಸಗಿ ವಿಶ್ವವಿದ್ಯಾಲಯದ ಬಿ.ಎ.ಗೆ ಮಾನ್ಯತೆಯಾದರೂ ಇತ್ತು, ಅದೊಂದು ಪುಣ್ಯ. ಅಲ್ಲಿಯ ಟಿಸಿ, ಧಾರವಾಡದ ವಿಶ್ವವಿದ್ಯಾಲಯದ ಅರ್ಹತಾಪತ್ರ ಎರಡೂ ಸಿಕ್ಕರೆ ನವಲಗುಂದದ ಸರ್ಕಾರಿ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷಕ್ಕೆ ಹೆಸರು ಹಚ್ಚಬಹುದು.

ಮಹಾನಂದಾ ಬೆರಳು ಮಡಚಿದಳು. ಮತ್ತೊಮ್ಮೆ ಮಡಚಿದಳು. ಮೊದಲಿನಿಂದ ಐದು ವರ್ಷ ಓದಿದರೂ ಅಷ್ಟೇ, ಉಳಿದ ಎರಡು ಮತ್ತು ಆಮೇಲಿನ ಮೂರು ಓದಿದರೂ ಅಷ್ಟೇ. ಎರಡು ಹಾದಿಯೂ ಕರಿ ಕೋಟಿಗೆ ಮುಟ್ಟುವುದು ಒಂದೇ ವರ್ಷದಲ್ಲಿ. ಮೂರು ದಿನದಿಂದ ಕಳೆದುಹೋದ ವರ್ಷವನ್ನೇ ಎದೆಗೆ ಅವಚಿಕೊಂಡಿದ್ದವಳಿಗೆ ಈ ಸರಳ ಲೆಕ್ಕ ಹೊಳೆದಿರಲೇ ಇಲ್ಲ.

ಮಾಸ್ತರರ ಮನಸ್ಸು ಐದು ವರ್ಷದ ಕಡೆಗಿತ್ತು. ಕಾನೂನು ಕಾಲೇಜಿನ ಒಳಗೆ ಒಮ್ಮೆ ಹೋದರೆ ಮತ್ತೆ ಇನ್ನೊಂದು ಬಾಗಿಲು ಬಡಿಯುವ ಕೆಲಸವಿಲ್ಲ, ಮೊದಲ ದಿನದಿಂದಲೇ ಕಾನೂನಿನ ಗಾಳಿ ತಾಗುತ್ತದೆ ಎಂದು ಅವರು ವಾದಿಸಿದರು. ವಾದ ಸುಳ್ಳಾಗಿರಲಿಲ್ಲ. ಮಹಾನಂದಾ ಮಾತ್ರ ಅಲುಗಲಿಲ್ಲ.

"ಹಂಗ ಮಾಡಿದ್ರ ಹೋದ ವರ್ಷ ಸತ್ತಂಗ ಆಗತೈತ್ರಿ ಮಾಸ್ತರ. ಈ ಹಾದ್ಯಾಗ ಅದು ಲೆಕ್ಕಕ್ಕ ಬರತೈತಿ. ನಡುವ ಏನರ ಎಡವಟ್ಟಾತಂದ್ರೂ ಒಂದು ಡಿಗ್ರಿ ಕೈಯಾಗ ಉಳೀತೈತಿ. ಮತ್ತ ನವಲಗುಂದ ಅಂದ್ರ ಮನಿಯಿಂದ ಹೋಗಿ ಬರಬಹುದು. ರವಿವಾರ ಹೊಲಕ್ಕೂ ಬರಬಹುದು."

ಜಮೀಲಾಬಿ ಗಂಡನ ಕಡೆ ನೋಡಿದಳು. "ನಿಮ್ಮ ವಿರುದ್ಧ ತೀರ್ಪಾತು. ಚಹಾ ಕುಡೀರಿ."

ಆದರೆ ಹಾದಿಗೆ ಒಂದು ಕಲ್ಲು ಅಡ್ಡವಿತ್ತು. ಪ್ರವೇಶದ ದಿನವೇ ಗೌರೀಶ ಅರ್ಜಿಗೆ ಸಹಿ ಹಾಕಿಸಿಕೊಂಡು, ಪಿಯುಸಿಯ ಅಸಲಿ ಅಂಕಪಟ್ಟಿಗಳನ್ನೂ ತೆಗೆದುಕೊಂಡಿದ್ದ. ಅವು ಅವನ ಕಪಾಟಿನಲ್ಲಿದ್ದವು. ಟಿಸಿ ತರಿಸಬೇಕಾದವನೂ ಅವನೇ.

ಮಹಾನಂದಾ ಒಬ್ಬಳೇ ಹೋದಳು. ಗೌರೀಶ ಕುರ್ಚಿ ಕೊಟ್ಟ, ಊರಿನ ಮಳೆ ವಿಚಾರಿಸಿದ, ಆಮೇಲೆ ವಿಷಯಕ್ಕೆ ಬಂದ. ನಿಯಮಗಳು ಬದಲಾಗುತ್ತಿರುತ್ತವೆ, ಅದಕ್ಕೆ ತಾನೇನು ಮಾಡಲಾದೀತು? ಬಿಟ್ಟು ಹೋಗುವುದಿದ್ದರೆ ಉಳಿದ ವರ್ಷಗಳ ಫೀಜನ್ನೂ ತುಂಬಿ ಅಸಲಿ ಕಾಗದ ಬಿಡಿಸಿಕೊಂಡು ಹೋಗಬಹುದು. ಇಲ್ಲವೆಂದರೆ ಮುಂದಿನ ವರ್ಷ ತಮ್ಮ ವಿಶ್ವವಿದ್ಯಾಲಯದಲ್ಲೇ ಕಾನೂನು ವಿಭಾಗ ತೆರೆಯಲಿದೆ, ಮಾನ್ಯತೆ ಬರುವ ಹಾದಿಯಲ್ಲಿದೆ, ಅಲ್ಲಿಯವರೆಗೆ ಕಾಯಬಹುದು. ಏಳುವಾಗ ನಕ್ಕು ಹೇಳಿದ:

"ವಕೀಲಕಿ ಆಗೂ ಹುಡುಗಿ ನೀ. ಸಹಿ ಮಾಡೂಮುಂದ ಓದಬೇಕಿಲ್ಲೇನವಾ?"

ಆ ಮಾತು ಬಸ್ಸಿನಲ್ಲಿ ಊರಿನವರೆಗೂ ಅವಳ ಬಾಜು ಕೂತು ಬಂತು. ಕಳ್ಳತನ ಮಾಡಿದವನೇ ಬಾಗಿಲಿಗೆ ಚಿಲಕ ಹಾಕಬೇಕಿತ್ತಲ್ಲ ಎಂದು ಬುದ್ಧಿ ಹೇಳುವ ಕಾಲ ಇದು. ಕಾನೂನಿನ ಬಾಗಿಲಿಗೆ ಹೋಗುವ ಹಾದಿಯಲ್ಲೇ ಇಂಥವರು ಟೋಲ್ ನಾಕಾ ಹಾಕಿಕೊಂಡು ಕೂತಿದ್ದಾರೆ. ಅವರು ಹಿಡಿದಿಡುವುದು ಬರೀ ಕಾಗದವಲ್ಲ. ಹಳ್ಳಿಯ ಹುಡುಗಿಯ ನಾಚಿಕೆಯನ್ನು. ಮೋಸ ಹೋದವಳು ಮನೆಯಲ್ಲಿ ಹೇಳಲಾರಳು ಎಂಬ ಧೈರ್ಯದ ಮೇಲೆ ಅವರ ಅಂಗಡಿ ನಡೆಯುತ್ತದೆ.

ಮರುದಿನ ಮುಯ್ಯಾಳು ರೇವವ್ವನ ಹತ್ತಿ ಹೊಲದಲ್ಲಿತ್ತು. ಎಲ್ಲರೂ ಕೂತು ಸ್ವಲ್ಪ ದೂರ ಸರಿದಿದ್ದರಷ್ಟೆ, ಮೋಡ ಕವಿದು ಮಳೆ ಜೋರಾಗಿ ಬಂತು. ಎರೆಮಣ್ಣು ಕಾಲಿಗೆ ಕಚ್ಚಿಕೊಂಡರೆ ಮುಗಿಯಿತು, ಮತ್ತೆ ಕೆಲಸವಿಲ್ಲ. ಕುರ್ಪಿ ಎತ್ತಿಕೊಂಡು ಓಡಿ ಬದುವಿನ ಮೇಲಿನ ಬೇವಿನ ಮರದ ಕೆಳಗೆ ಒಂದೇ ತಾಡಪತ್ರಿ ಹಿಡಿದು ಒತ್ತಿಕೊಂಡು ಕೂತರು. ಒದ್ದೆ ಸೀರೆಗಳ ಬಿಸಿ, ಬುತ್ತಿಯ ಚಟ್ನಿಯ ವಾಸನೆ. ಒಬ್ಬರ ಮೊಣಕಾಲು ಇನ್ನೊಬ್ಬರಿಗೆ ತಾಗುವಷ್ಟು ಹತ್ತಿರ ಕೂತವರ ನಡುವೆ ಸುಳ್ಳು ಇಟ್ಟುಕೊಳ್ಳಲು ಜಾಗವಿರಲಿಲ್ಲ. ಮಹಾನಂದಾ ಹೇಳಿಬಿಟ್ಟಳು. ಕೌಂಟರಿನ ಹೆಣ್ಣುಮಗಳಿಂದ ಹಿಡಿದು ಗೌರೀಶನ ಕಪಾಟಿನವರೆಗೆ ಎಲ್ಲವನ್ನೂ, ನೆಲ ನೋಡುತ್ತ.

"ನೀವು ನನ್ನ ಸಲುವಾಗಿ ದುಡದದ್ದೆಲ್ಲಾ ಮಣ್ಣಪಾಲಾತು" ಎಂದಳು.

 ತಾಡಪತ್ರಿಯ ಮೇಲೆ ಮಳೆ ಬಡಿಯುತ್ತಿತ್ತು. ರೇವವ್ವ ತನ್ನ ಕುರ್ಪಿಗೆ ಮೆತ್ತಿದ ಮಣ್ಣನ್ನು ಹೆಬ್ಬೆರಳಿನಿಂದ ಕೆತ್ತುತ್ತಿದ್ದಳು.

"ನಂದಾ, ಇವತ್ತ ನನ್ನ ಹೊಲಕ್ಕ ಬಂದ್ರಿ. ಒಂದು ಸಾಲು ಮುಗೀಲಿಲ್ಲ, ಮಳಿ ಬಂತು. ಇವತ್ತಿನ ಆಳು ಲೆಕ್ಕಕ್ಕ ಐತೋ ಇಲ್ಲೋ?"

"ಐತಿ."

"ಯಾಕ? ಕೆಲಸ ಆಗಿಲ್ಲಲ್ಲ ಬೇ."

"ಬಂದಿದ್ವಿ ಅಂತ."

"ಹೂಂ. ಬಂದಾಕಿ ಆಳು ಯಾವತ್ತೂ ಐತಿ. ನೀನೂ ಹೋಗಿದ್ದಿ, ಓದಿದಿ, ಪಾಸಾದಿ. ಕೆಲಸಾ ಮುರದದ್ದು ಮಳಿ. ಅದಕ್ಕ ಆಳಿನ ಲೆಕ್ಕ ಯಾಕ ಹೊಡೀಬೇಕು?"

ಊರು ಕಟ್ಟಿದ ಕಾಲದಿಂದ ಇದ್ದ ಪದ್ಧತಿ ಅದು. ಮಳೆ ಬಂದು ಅರ್ಧಕ್ಕೆ ಎದ್ದರೂ ಬಂದವರ ದಿನ ತುಂಬುತ್ತದೆ. ಮಹಾನಂದಾ ಹುಟ್ಟಿದಂದಿನಿಂದ ನೋಡಿದ್ದಳು. ತನಗೂ ಅದು ಸಲ್ಲುತ್ತದೆಂದು ತಿಳಿದಿರಲಿಲ್ಲ. ಎದೆಯ ಮೇಲಿನ ಚಪ್ಪಡಿ ಯಾರೋ ಕೈ ಹಾಕಿ ಸರಿಸಿದಂತಾಯಿತು. ಗುರವ್ವ ಈಗ ಮಗಳ ಕಡೆ ತಿರುಗಿದಳು. ಇಷ್ಟಕ್ಕಾಗಿ ರೊಟ್ಟಿ ಬಿಟ್ಟು ಕೂತಿದ್ದೆಯಾ, ನಾನು ಪ್ರೇಮವೋ ರೋಗವೋ ಎಂದು ಹೆದರಿದ್ದೆ ಎಂದು ಬೈದಳು. ತಾಡಪತ್ರಿಯ ಕೆಳಗೆ ನಗೆ ಎದ್ದಿತು. ಎರಡೂ ಒಂದೇ ಎಂದು ಯಾರೋ ಸೇರಿಸಿದರು.

ರೇವವ್ವ ನಗಲಿಲ್ಲ. "ಕಾಗದಾ ಇಟ್ಕೊಂಡಾನಲ್ಲ, ಅದು ಮಳಿ ಅಲ್ಲ. ಅಂವಾ ಮನಷ್ಯಾ. ಮಳಿ ಕೂಡ ಜಗಳಾ ಮಾಡಾಕ ಬರಂಗಿಲ್ಲ, ಮನಷ್ಯಾನ ಕೂಡ ಬರತೈತಿ. ಹೆಂಗೂ ಇವತ್ತ ಕೆಲಸಿಲ್ಲ. ನಡೀರಿ, ಹೋಗೂಣು."

ಮಳೆ ನಿಂತು ಹೊಳವಾದ ಮೇಲೆ ಒಂದು ಟಂಟಂ ಗಾಡಿ ಹಿಡಿದು ಎಲ್ಲರೂ ನವಲಗುಂದಕ್ಕೆ ಹೊರಟರು. ದಾರಿಯಲ್ಲಿ ರೇವವ್ವ ತಾಕೀತು ಮಾಡಿದಳು: ಯಾರೂ ಬಾಯಿ ಮಾಡಬಾರದು, ಬೈಯಬಾರದು, ಅವನು ಪೊಲೀಸರನ್ನು ಕರೆಯಲು ನೆಪ ಸಿಗಬಾರದು. ಮಾತು ನಂದಾಳದ್ದು. ನಮ್ಮದು ಕೂರುವ ಕೆಲಸ. ಮಹಾನಂದಾ ಫೋನಿನಲ್ಲಿ ನಿಯಮ ಹುಡುಕಿ ಓದುತ್ತ, ಆನ್‌ಲೈನ್ ದೂರು ಬರೆದಿಟ್ಟುಕೊಂಡಳು.

ಗೌರೀಶನ ಕೇಂದ್ರದಲ್ಲಿ ಅವತ್ತು ಅಣ್ಣಿಗೇರಿ ಕಡೆಯ ಒಬ್ಬ ತಂದೆ, ಹೊಳೆಪ್ಪ ಎಂದು ಹೆಸರು, ಮಗಳು ರೋಹಿಣಿಯನ್ನು ಕರೆದುಕೊಂಡು ಬಂದು ಕೂತಿದ್ದ. ಅಸಲಿ ಕಾಗದಗಳ ಲಕೋಟೆ ಅವನ ತೊಡೆಯ ಮೇಲಿತ್ತು. ಬಿಳಿ ಟೈಲ್ಸಿನ ನೆಲದ ಮೇಲೆ ಎರೆಮಣ್ಣಿನ ಕಾಲುಗಳು ಒಂದರ ಹಿಂದೆ ಒಂದು ಬಂದವು. ಗೌರೀಶ ಗಾಬರಿಯಾದರೂ ನಗು ಬಿಡಲಿಲ್ಲ.

"ಅಕ್ಕಾರ, ಒಳಗ ಜಾಗಾ ಸಾಲಂಗಿಲ್ರಿ. ಹೊರಗ ಕುಂದರ್ರಿ."

"ಹೊರಗ ಕುಂತು ಕುಂತು ಸಾಕಾಗೈತಪಾ" ಎಂದು ರೇವವ್ವ ನೆಲದ ಮೇಲೆ ಕೂತಳು. ಉಳಿದವರೂ ಕೂತರು.

ಮಹಾನಂದಾ ನಿಂತೇ ಇದ್ದಳು. ಕೆಳಗೆ ಕೂತವರ ಭುಜಗಳು ಅವಳ ಕಾಲಿಗೆ ಆಸರೆಯಾಗಿ ತಾಗುತ್ತಿದ್ದವು.

"ಸಹಿ ಮಾಡೂಮುಂದ ಓದಬೇಕಿತ್ತು ಅಂದ್ರಿ. ಖರೇನ. ಈಗ ಓದೇನಿ. ಪ್ರವೇಶದ ಹೊತ್ತಿನ್ಯಾಗ ಅಸಲಿ ಕಾಗದಾ ನೋಡಿ, ಅಲ್ಲೇ ವಾಪಸ್ ಕೊಡಬೇಕು. ವಿಶ್ವವಿದ್ಯಾಲಯನೂ ಇಟ್ಕೊಳ್ಳಂಗಿಲ್ಲ, ಅವರ ಹೆಸರಿನ್ಯಾಗ ನೀವೂ ಇಟ್ಕೊಳ್ಳಂಗಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮ ಇದು. ಓದದ ವರ್ಷದ ಫೀಜು ಕೇಳಾಕೂ ಬರಂಗಿಲ್ಲ. ದೂರು ಬರದಿಟ್ಟೇನಿ, ಬಟನ್ ಒತ್ತೂದಷ್ಟ ಬಾಕಿ. ನನಗ ನಿಮ್ಮ ಕೂಡ ಜಗಳಾ ಬ್ಯಾಡ. ನನ್ನ ಕಾಗದಾ ಕೊಡ್ರಿ, ಟಿಸಿ ತರಿಸ್ರಿ."

ಗೌರೀಶ ಬಾಯಿ ತೆರೆಯುವ ಮುಂಚೆ ಹೊಳೆಪ್ಪ ಕೇಳಿದ, ಹಾಗಾದರೆ ಎರಡನೇ ವರ್ಷಕ್ಕೆ ಸೀದಾ ಕಾನೂನು ಸಿಗುತ್ತದೆ ಎಂದಿರಲ್ಲ? ಪ್ರಶ್ನೆ ಗೌರೀಶನಿಗೆ, ನೋಡಿದ್ದು ಮಹಾನಂದಾಳ ಕಡೆ. ಅವಳು ಇಲ್ಲವೆಂದು ತಲೆಯಾಡಿಸಿದಳು. ಹೊಳೆಪ್ಪ ಲಕೋಟೆಯನ್ನು ತೊಡೆಯ ಮೇಲಿಂದ ಎತ್ತಿ ಎದೆಗೆ ಹಿಡಿದುಕೊಂಡ. ಆ ಲಕೋಟೆ ಹೀಗೆ ಮೇಜಿನಿಂದ ದೂರ ಹೋದದ್ದನ್ನು ಗೌರೀಶ ನೋಡಿದ. ಬಾಗಿಲಲ್ಲಿ ಇಣುಕುತ್ತಿದ್ದ ಬಸ್‌ಸ್ಟ್ಯಾಂಡಿನ ಜನರನ್ನೂ ನೋಡಿದ. ಎದ್ದು ಹೋಗಿ ಕಪಾಟು ತೆಗೆದ.

ಅಂಕಪಟ್ಟಿ ಕೈಗೆ ಬಂದಾಗ ಮಹಾನಂದಾ ಅದನ್ನು ತಿರುಗಿಸಿ ತನ್ನ ಹೆಸರು ಓದಿದಳು, ಯಾರೋ ಬದಲಿಸಿರಬಹುದೆಂಬಂತೆ. ಟಿಸಿ ಅದೇ ವಾರ ಬಂತು. ಬಾರದಿದ್ದರೆ ಮತ್ತೆ ಬರುತ್ತೇವೆ, ಮುಂದಿನ ಸಲ ಬುತ್ತಿ ಕಟ್ಟಿಕೊಂಡೇ ಬರುತ್ತೇವೆ ಎಂದು ರೇವವ್ವ ಹೊಸ್ತಿಲಲ್ಲಿ ನಿಂತು ಬಹಳ ಮರ್ಯಾದೆಯಿಂದ ಹೇಳಿಬಂದಿದ್ದಳು.

ಧಾರವಾಡದ ಅರ್ಹತಾಪತ್ರಕ್ಕೆ ಒಂದಿಷ್ಟು ಓಡಾಟವಾಯಿತು. ಮಾಸ್ತರರು ಎರಡು ಸಲ ಜೊತೆಗೆ ಬಂದರು; ಪ್ರತಿ ಕಿಟಕಿಯಲ್ಲೂ ಇದ್ದಬಿದ್ದ ಪ್ರಶ್ನೆಯನ್ನೆಲ್ಲ ಕೇಳಿ ಅಲ್ಲಿಯವರ ತಲೆ ತಿಂದರು, ಒಂದು ವರ್ಷದ ಬಾಕಿ ತೀರಿಸುವವರ ಹಾಗೆ. ಕೊನೆಗೆ ನವಲಗುಂದದ ಕಾಲೇಜಿನ ಗುಮಾಸ್ತ ಮಹಾನಂದಾಳ ಹೆಸರಿನ ಮುಂದೆ ಬಿ.ಎ. ಎರಡನೇ ವರ್ಷ ಎಂದು ಬರೆದ. ಅವನಿಗೆ ಅದು ಆ ದಿನದ ಇನ್ನೊಂದು ಹೆಸರು. ಅವಳು ಹೊರಬಂದು ನಳದ ಕೆಳಗೆ ಮುಖವೊಡ್ಡಿ, ಹೊಟ್ಟೆ ತುಂಬ ನೀರು ಕುಡಿದಳು. ಅಂದು ರಾತ್ರಿ ಬಡಿಸಿದ್ದನ್ನೆಲ್ಲ ಉಂಡಳು.

ರವಿವಾರ ಹೆಸರಿನ ಹೊಲದಲ್ಲಿ ಅವಳಿಗೆ ಅಂಚಿನ ಸಾಲು ಕೊಟ್ಟರು. ಹಾಸ್ಟೆಲಿನ ಅನ್ನ ತಿಂದು ಕೈ ಮೆತ್ತಗಾಗಿವೆ ಎಂದು ಕಾಡಿದರು. ಇನ್ನೂ ಅರ್ಧ ಸಾಲಿಗೆ ಬಂದಿರಲಿಲ್ಲ, ಫೋನು ರಿಂಗಾಯಿತು. ರೋಹಿಣಿ, ಅಣ್ಣಿಗೇರಿಯ ಹುಡುಗಿ; ಅವತ್ತು ಗೌರೀಶನ ಕೇಂದ್ರದಲ್ಲೇ ನಂಬರು ಕೇಳಿ ಬರೆದುಕೊಂಡಿದ್ದಳು. ಅಪ್ಪನಿಗೆ ಇನ್ನೊಬ್ಬ ಯಾರೋ ಇನ್ನೊಂದು ವಿಶ್ವವಿದ್ಯಾಲಯ ಹೇಳಿದ್ದಾನೆ, ಅಲ್ಲಿ ಸೇರಿ ಆಮೇಲೆ ಬದಲಾಯಿಸಿಕೊಳ್ಳಬಹುದಂತೆ, ಏನು ಮಾಡಲಿ ಅಕ್ಕಾ ಎಂದು ಕೇಳಿದಳು.

ಮಹಾನಂದಾ ಬದುವಿನ ಮೇಲೆ ಹೋಗಿ ಕೂತಳು. "ಕಳಸೂ ಮಂದಿನ್ನ ಕೇಳಬ್ಯಾಡ ತಂಗೀ. ಆಮ್ಯಾಲ ಎಲ್ಲಿಗೆ ಹೋಗಬೇಕಂತಿ, ಅಲ್ಲ್ಯವರನ್ನ ಮೊದಲ ಕೇಳು. ತಗೊಳ್ಳಾವರು ಹೂಂ ಅಂದ್ರ ಅಷ್ಟ ಅದು ಮುಯ್ಯಾಳು. ಅಸಲಿ ಕಾಗದಾ ಯಾರ ಕೈಯಾಗೂ ಕೊಡಬ್ಯಾಡ."

ಮಾತು ಬೆಳೆಯಿತು. ಐದು ವರ್ಷದ್ದು ಹೇಗೆ, ಮೂರು ವರ್ಷದ್ದು ಹೇಗೆ, ಅರ್ಜಿಯ ದಿನ ಎಂದಿಗೆ ಮುಗಿಯುತ್ತದೆ ಎಲ್ಲವನ್ನೂ ಹೇಳಿದಳು. ಫೋನಿಟ್ಟು ಹೊಲಕ್ಕಿಳಿದಾಗ ಎಲ್ಲರೂ ಬಹಳ ಮುಂದೆ ಹೋಗಿದ್ದರು. ತಾನು ಬಿಟ್ಟ ಜಾಗ ಹುಡುಕಿ ಹಿಂದೆ ಬಂದರೆ ಅಲ್ಲಿ ಕಸವಿರಲಿಲ್ಲ. ಬಲಕ್ಕೆ ಅವ್ವ, ಆಚೆ ರೇವವ್ವ, ಇಬ್ಬರೂ ತಮ್ಮ ತಮ್ಮ ಸಾಲಿನ ಜೊತೆ ಅವಳದನ್ನೂ ತೆಗೆಯುತ್ತ ಹೋಗಿದ್ದರು. ಅವರು ತಿರುಗಿ ನೋಡಲಿಲ್ಲ. ಮಹಾನಂದಾ ಕುರ್ಪಿ ಹಿಡಿದು ಹೋಗಿ ಅವರ ಬಾಜು ಕೂತಳು.